ಶಿಲುಬೆ ಹಿಡಿದು ಮುಂದೆ ನಡೆದವರು

ಅಮೆರಿಕದ ಬಾರ್ಬರಾ ಹ್ಯಾರಿಸ್ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. 1989ರ ಫೆಬ್ರವರಿಯಲ್ಲಿ ಬಾಸ್ಟನ್‌ನಲ್ಲಿ ಅವರು ಎಪಿಸ್ಕೋಪಲ್ ಚರ್ಚಿನ (ಆಂಗ್ಲಿಕನ್ ಪಂಥದ ಅಮೆರಿಕದ ಶಾಖೆ) ಬಿಷಪ್, ಅಂದರೆ ಪಾದ್ರಿಗಳಿಗಿಂತ ಮೇಲಿನ ಧರ್ಮಗುರು, ಆದರು. ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಇಡೀ ಆಂಗ್ಲಿಕನ್ ಪಂಥದಲ್ಲೇ ಮೊದಲ ಮಹಿಳಾ ಬಿಷಪ್. ಇದನ್ನು ಲೇಖನ ಚೆನ್ನಾಗಿ ಹೇಳಿದೆ. ಆದರೆ 1974ರ ಒಂದು ದಿನ ಬಿಟ್ಟುಹೋಗಿದೆ. ನನಗಂತೂ ಅದೇ ಜಾಸ್ತಿ ಮುಖ್ಯ.

ಅವತ್ತು ಫಿಲಡೆಲ್ಫಿಯಾದ ಚರ್ಚ್ ಆಫ್ ದಿ ಅಡ್ವೊಕೇಟ್‌ನಲ್ಲಿ 11 ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಟ್ಟರು, ಅದೂ ಎಪಿಸ್ಕೋಪಲ್ ಚರ್ಚಿನ ಮೇಲಿನವರ ಒಪ್ಪಿಗೆ ಇಲ್ಲದೆ. ಮೆರವಣಿಗೆಯ ಮುಂದೆ ಶಿಲುಬೆ ಎತ್ತಿ ಹಿಡಿದು ನಡೆದವರು ಹ್ಯಾರಿಸ್. ಆಗ ಅವರಿಗೆ 44 ವರ್ಷ. ಪಾದ್ರಿಯೂ ಆಗಿರಲಿಲ್ಲ, ತೈಲ ಕಂಪನಿಯೊಂದರಲ್ಲಿ ಕೆಲಸ. ಅವರ ಸ್ವಂತ ದೀಕ್ಷೆ ಆಗಿದ್ದು 1980ರಲ್ಲಿ.

ಬಿಷಪ್ ಆಗುವಾಗ ಎಷ್ಟೊಂದು ತಕರಾರು! ಸೆಮಿನರಿ (ಪಾದ್ರಿಗಳ ತರಬೇತಿ ಶಾಲೆ) ಪದವಿ ಇಲ್ಲ, ವಿಚ್ಛೇದನ ಆಗಿದೆ ಅಂತೆಲ್ಲ ಎತ್ತಿ ಆಡಿದರು. ಜೀವ ಬೆದರಿಕೆಗಳೂ ಬಂದವು. ಪೊಲೀಸರು ಗುಂಡು ತಡೆಯುವ ಜಾಕೆಟ್ ಕೊಡಲು ಬಂದರೆ ಬೇಡ ಅಂದುಬಿಟ್ಟರು. ಸುಮಾರು 8,000 ಜನರ ಎದುರು ಹಾಗೇ ನಿಂತರು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

2002ರಲ್ಲಿ ನಿವೃತ್ತರಾದರು, 2020ರಲ್ಲಿ ತೀರಿಕೊಂಡರು. ಆ 1974ರ ದಿನವನ್ನೂ ದಯವಿಟ್ಟು ಲೇಖನಕ್ಕೆ ಸೇರಿಸಿ.