ಗೂಟ ಹೊಡೆದುಕೊಂಡು ಕೂತ ದೋಣಿ

ದೋಣಿಯನ್ನು ಓಡಿಸುವುದೇ ಕಷ್ಟವೆಂದು ನಂಬಿರುವವರು, ಎರಡಡಿ ನೀರಿನಲ್ಲಿ ಗಾಳಿ ಬೀಸುತ್ತಿರುವಾಗ ಅದನ್ನು ಒಂದೇ ಕಡೆ ನಿಲ್ಲಿಸಲು ಎಂದೂ ಹೆಣಗಿರಲಾರರು. ಕೆಲಸದ ನಿಮಿತ್ತ ಫ್ಲಾರಿಡಾದ ಟ್ಯಾಂಪಾಕ್ಕೆ ಬಂದು ನೆಲೆಸಿದ ನಾನು, ಹದಿನೇಳು ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಳ್ಳುವಾಗ ಅದರ 60 ಅಶ್ವಶಕ್ತಿಯ ಎಂಜಿನ್ನಿನ ಕುರಿತು ಹುಡುಗಿ ನೋಡಲು ಬಂದವರಂತೆ ನೂರೆಂಟು ಪ್ರಶ್ನೆ ಕೇಳಿದ್ದೆ. ಇದು ನಿಲ್ಲುವುದು ಹೇಗೆ ಎಂಬ ಒಂದು ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ.

ಟ್ಯಾಂಪಾ ಕೊಲ್ಲಿ ನೋಡಲು ಸಮುದ್ರದಷ್ಟೇ ವಿಶಾಲವಾಗಿದ್ದರೂ ಅದರ ಸರಾಸರಿ ಆಳ ಸುಮಾರು 12 ಅಡಿ ಮಾತ್ರ. ಹಡಗುಗಳು ಬರುವುದಕ್ಕೆಂದು ನಡುವೆ 43 ಅಡಿ ಆಳದ ದಾರಿಯನ್ನು ತೋಡಿಟ್ಟಿದ್ದಾರೆ. ಆದರೆ ನನಗೆ ಬೇಕಾದ ರೆಡ್‌ಫಿಶ್ ಎಂಬ ಮೀನಿಗೆ ಆ ರಾಜಮಾರ್ಗ ಬೇಡ. ಅದು ಮೊಣಕಾಲುದ್ದದ ನೀರಿನ ಹುಲ್ಲುಗಾವಲಿಗೆ ಬಂದು, ತಲೆ ಕೆಳಗೆ ಮಾಡಿ, ಕಪ್ಪು ಬೊಟ್ಟಿಟ್ಟ ಬಾಲವನ್ನು ನೀರಿನ ಮೇಲೆ ಬೀಸುತ್ತ ಏಡಿ ಹುಡುಕುತ್ತದೆ. ಆ ಬಾಲ ಕಂಡ ಕೂಡಲೇ ದೋಣಿ ಸದ್ದಿಲ್ಲದೆ ನಿಲ್ಲಬೇಕು. ನಾನಾದರೋ ಸರಪಳಿ ಸಮೇತ ಕಬ್ಬಿಣದ ಲಂಗರನ್ನು, ಪಾತ್ರೆ ತೊಳೆಯುವ ಜಾಗದಲ್ಲಿ ಕೊಪ್ಪರಿಗೆ ಜಾರಿದಂಥ ಸದ್ದಿನೊಂದಿಗೆ ಇಳಿಸುತ್ತಿದ್ದೆ. ಬಾಲವೂ ಇಲ್ಲ, ಮೀನೂ ಇಲ್ಲ. ಅದಲ್ಲದೆ ಲಂಗರು ಕಚ್ಚಿ ನಿಲ್ಲಬೇಕಾದರೆ ಆಳದ ಏಳು ಪಟ್ಟು ಹಗ್ಗ ಬಿಡಬೇಕು ಎಂಬುದು ಬಲ್ಲವರ ಲೆಕ್ಕ. ಅಷ್ಟುದ್ದ ಹಗ್ಗ ಬಿಟ್ಟರೆ ದೋಣಿ ಗೂಟಕ್ಕೆ ಕಟ್ಟಿದ ಕರುವಿನಂತೆ ಗಾಳಿ ತಳ್ಳಿದತ್ತ ಸುತ್ತುತ್ತದೆ. ಪೂರ್ವಕ್ಕೆ ಗುರಿಯಿಟ್ಟು ಗಾಳ ಬೀಸಿದವನು ದಾರ ಸುತ್ತಿಕೊಳ್ಳುವಷ್ಟರಲ್ಲಿ ಉತ್ತರಕ್ಕೆ ಮುಖ ಮಾಡಿರುತ್ತಾನೆ.

ಇದಕ್ಕೆ ಇಲ್ಲಿಯವರು ಕಂಡುಕೊಂಡಿರುವ ಮದ್ದು, ದೋಣಿಯ ಹಿಂಬದಿಯ ಹಲಗೆಗೆ ಬಿಗಿದ ಒಂದು ಯಂತ್ರ. ಗುಂಡಿ ಒತ್ತಿದರೆ ಉದ್ದನೆಯ ಗೂಟವೊಂದು ಇಳಿದು ಕೆಸರಿನಲ್ಲಿ ನೆಡುತ್ತದೆ, ಇನ್ನೊಮ್ಮೆ ಒತ್ತಿದರೆ ಮೇಲೇಳುತ್ತದೆ. ಇವುಗಳಲ್ಲಿ ಹೆಸರಾದ ಪವರ್-ಪೋಲ್ ಹುಟ್ಟಿದ್ದೇ ಟ್ಯಾಂಪಾದಲ್ಲಿ. ಅದು ಎಣ್ಣೆಯ ಒತ್ತಡದಿಂದ ಮಿಡತೆಯ ಹಿಂಗಾಲಿನಂತೆ ಮಡಚಿ ಬಿಚ್ಚಿಕೊಳ್ಳುತ್ತದೆ. ಮಿನ್ ಕೋಟಾದವರ ಟ್ಯಾಲನ್ ವಿದ್ಯುತ್ತಿನಿಂದ ನೆಟ್ಟಗೆ ಇಳಿಯುತ್ತದೆ. ದೊಡ್ಡವುಗಳ ಬೆಲೆ ಸಾವಿರ ಡಾಲರುಗಳನ್ನು ಸುಲಭವಾಗಿ ದಾಟುತ್ತದೆ. ಈ ಸಂಗತಿಯನ್ನು ನಾನು ವಿಡಿಯೋ ಕರೆಯಲ್ಲಿ ಗಂಗೊಳ್ಳಿಯಲ್ಲಿರುವ ಅಪ್ಪಯ್ಯನಿಗೆ ವಿವರಿಸಿದಾಗ, ಪಂಚಗಂಗಾವಳಿಯ ಅಳಿವೆಯಲ್ಲಿ ಬಾಲ್ಯ ಕಳೆದ ಅವರು ಬಹಳ ಹೊತ್ತು ಸುಮ್ಮನಿದ್ದು, “ಗಳ ಕುತ್ತಿ ದೋಣಿ ಕಟ್ಟುಕೆ ಸಾವ್ರ ಡಾಲರಾ ಮಗಾ?” ಎಂದರು.

ಆ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಮರುದಿನವೇ ತೋಟದ ಸಾಮಾನಿನ ಅಂಗಡಿಯಿಂದ ಟೊಮ್ಯಾಟೊ ಬಳ್ಳಿಗೆ ಆಸರೆ ಕೊಡುವ ಬಿದಿರುಕೋಲೊಂದನ್ನು ತಂದೆ. ಊರಿನಲ್ಲಿ ಅಜ್ಜ ದೋಣಿ ಕಟ್ಟುತ್ತಿದ್ದ ಗಳ ಅಳಿವೆಯ ಮೆತ್ತನೆಯ ಕೆಸರಿಗೆ ಇಳಿಯುತ್ತಿತ್ತು. ನನ್ನದು ಗಟ್ಟಿ ಮರಳಿಗೆ ನಾಲ್ಕು ಬೆರಳಿನಷ್ಟು ಇಳಿದು, ಹಗ್ಗ ಬಿಗಿಯಾದ ಕೂಡಲೇ ಕಿತ್ತು, ಹಗ್ಗದ ಗಂಟಿನಿಂದಲೂ ನುಣುಚಿಕೊಂಡು ತೇಲಿಹೋಯಿತು. ದೋಣಿಯನ್ನು ನಿಲ್ಲಿಸಲು ತಂದ ಕೋಲನ್ನು ಹಿಡಿಯುವುದಕ್ಕಾಗಿ ದೋಣಿಯನ್ನು ಓಡಿಸಬೇಕಾಯಿತು.

ಕೊನೆಗೆ, ಸಣ್ಣ ದೋಣಿಗೆ ಸಾಕಾಗುವ, ಬ್ಯಾಟರಿಯಿಂದ ನಡೆಯುವ, ಎಂಟೂವರೆ ಅಡಿಯ ಫೈಬರ್ ಕೋಲನ್ನು ಕೆಳಕ್ಕೆ ದೂಡುವ ಯಂತ್ರವೊಂದನ್ನು ಕೊಂಡೆ. ಯಾವ ಕಂಪನಿಯದೆಂದು ಹೇಳುವ ಅಗತ್ಯವಿಲ್ಲ, ಏಕೆಂದರೆ ಮುಂದೆ ನಡೆದುದರಲ್ಲಿ ಯಂತ್ರದ ತಪ್ಪು ಒಂದೂ ಇರಲಿಲ್ಲ. ಕೋಲು ಎಂಟೂವರೆ ಅಡಿ ಇದ್ದ ಮಾತ್ರಕ್ಕೆ ಎಂಟೂವರೆ ಅಡಿ ನೀರಿನಲ್ಲಿ ನಿಲ್ಲಬಹುದೆಂದು ತಿಳಿಯಬಾರದು. ಯಂತ್ರ ನೀರಿನಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟನ್ನು ಕಳೆಯಬೇಕು, ಕೆಸರಿನಲ್ಲಿ ನೆಡುವಷ್ಟನ್ನೂ ಕಳೆಯಬೇಕು. ಸಂಬಳದ ಚೀಟಿಯಂತೆಯೇ ಕಳೆಯುವುದೆಲ್ಲ ಕಳೆದ ಮೇಲೆ ಕೈಗೆ ಸಿಗುವುದು ಐದಡಿ.

ದೋಣಿಗೆ ತೂತು ಕೊರೆಯುವುದು ಸಾಮಾನ್ಯ ಧೈರ್ಯದ ಕೆಲಸವಲ್ಲ. ನೀರು ಒಳಗೆ ಬಾರದಿರಲೆಂದು ಯಾರೋ ಶ್ರಮಪಟ್ಟು ಕಟ್ಟಿದ ವಸ್ತುವಿನ ಹಿಂಬದಿಗೆ, ಅದೂ ನೀರಿನ ಮಟ್ಟದಿಂದ ಗೇಣು ಮೇಲೆ, ಡ್ರಿಲ್ಲಿನ ತುದಿಯನ್ನು ಇಟ್ಟಾಗ ಕೈ ನಡುಗದಿದ್ದರೆ ಅದು ಬಾಡಿಗೆ ದೋಣಿಯೇ ಇರಬೇಕು. ನಾನು ಮುನ್ನೆಚ್ಚರಿಕೆಯಲ್ಲಿ ಕಡಿಮೆ ಮಾಡಲಿಲ್ಲ. ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯನ್ನು ಯಂತ್ರದ ಅಳತೆಗೆ ಕತ್ತರಿಸಿ ಹಲಗೆಗೆ ಅಂಟಿಸಿ, ಎಂಜಿನ್ನನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಮೇಲಕ್ಕೆತ್ತಿ, ಎಲ್ಲಿಯೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಈ ಉಪಾಯ ನನ್ನ ಹೆಂಡತಿಯದು ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ಮನೆಯಲ್ಲಿ ಊಟ ಸಿಗಲಾರದು. ಮೇಲಿನ ಹೊಳಪಿನ ಪದರ ಸಿಡಿಯದಿರಲೆಂದು ಟೇಪು ಹಚ್ಚಿ, ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ ನಿಧಾನವಾಗಿ ಕೊರೆದೆ. ಬಿಳಿಯ ಫೈಬರ್ ಪುಡಿಯ ಹಿಂದೆಯೇ ಒಳಗಿನ ಪ್ಲೈವುಡ್ಡಿನ ಕಂದು ಪುಡಿ ಉದುರಿತು. ಒಣಗಿದ ಪುಡಿ, ಅಂದರೆ ಹಲಗೆ ಕೊಳೆತಿಲ್ಲ. ಅಷ್ಟು ಹಣ ಕೊಟ್ಟು ದೋಣಿ ಕೊಂಡಾಗಲೂ ನನಗೆ ಅಂಥ ನೆಮ್ಮದಿ ಆಗಿರಲಿಲ್ಲ.

ನಂತರ ಅಂಟಿನ ಪ್ರಶ್ನೆ ಬಂತು. ದೋಣಿಯವರ ಲೋಕದಲ್ಲಿ 5200 ಎಂಬ ಸಂಖ್ಯೆಯಿಂದಲೇ ಪ್ರಸಿದ್ಧವಾದ ಒಂದು ಅಂಟಿದೆ. ಪೂರ್ತಿ ಗಟ್ಟಿಯಾಗಲು ವಾರ ಹಿಡಿಯುತ್ತದೆ, ಗಟ್ಟಿಯಾದ ಮೇಲೆ ಬಿಡುವ ಮಾತಿಲ್ಲ. ಮುಂದೆ ಬಿಚ್ಚಬೇಕಾದೀತು ಎನ್ನಿಸಿದ ಕಡೆ ಇದನ್ನು ಬಳಸಬೇಡಿ ಎಂದು ಅಂಗಡಿಯಾತ ಹೇಳಿದ. ಬಿಚ್ಚುವ ಪ್ರಸಂಗವೇ ಬಾರದು ಎಂದು ನಾನು ಹೇಳಿದೆ. ಹೆಂಡತಿ ದೋಣಿಯ ಹಿಂಬದಿಯ ಗೂಡಿನೊಳಗೆ ಅರ್ಧ ದೇಹ ತೂರಿಸಿ ಸ್ಪ್ಯಾನರ್ ಹಿಡಿದು ಮಲಗಿದಳು, ನಾನು ಹೊರಗಿನಿಂದ ಬೋಲ್ಟು ತಿರುಗಿಸಿದೆ. “ರೀ, ಇಲ್ಲಿ ಹಲ್ಲಿ ಇದೆ,” ಎಂದು ಒಳಗಿನಿಂದ ಧ್ವನಿ ಬಂತು. ನಟ್ಟು ಬಿಡಬೇಡ ಎಂದೆ. ಆ ಒಂದು ಮಾತಿನ ಬೆಲೆಯನ್ನು ನಾನು ಇಂದಿಗೂ ಕಂತಿನಲ್ಲಿ ತೀರಿಸುತ್ತಿದ್ದೇನೆ. ಅಂಟು ತೂತಿಗಿಂತ ಹೆಚ್ಚಾಗಿ ನನ್ನ ಹೆಬ್ಬೆರಳಿಗೆ ಮೆತ್ತಿಕೊಂಡಿತು, ಮತ್ತು ಮುಂದಿನ ನಾಲ್ಕು ದಿನ ನನ್ನ ಫೋನು ನನ್ನನ್ನು ಗುರುತಿಸಲು ನಿರಾಕರಿಸಿತು.

ವಾರ ಕಳೆದು ದೋಣಿಯನ್ನು ನೀರಿಗಿಳಿಸಿ ಗುಂಡಿ ಒತ್ತಿದಾಗ ಕೋಲು ಗುರ್ ಎನ್ನುತ್ತ ಇಳಿಯಿತು, ಆದರೆ ನೆಟ್ಟಗೆ ಇಳಿಯಲಿಲ್ಲ. ಹಬ್ಬದ ಮರುದಿನದ ಬಾಳೆಕಂಬದಂತೆ ಒಂದು ಕಡೆಗೆ ವಾಲಿಕೊಂಡು ನಿಂತಿತು. ರಸಮಟ್ಟ ಇಟ್ಟು ನೋಡಿಯೇ ಯಂತ್ರವನ್ನು ಕೂರಿಸಿದ್ದವನಿಗೆ ಇದು ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ನಾನು ರಸಮಟ್ಟ ಇಟ್ಟದ್ದು ಮನೆಯ ಮುಂದೆ ಟ್ರೇಲರಿನ ಮೇಲೆ ಮೂತಿ ಮೇಲಕ್ಕೆತ್ತಿಕೊಂಡು ಕೂತಿದ್ದ ದೋಣಿಗೆ. ನೀರಿನ ಮೇಲೆ ಅದೇ ದೋಣಿ ಬೇರೆಯದೇ ಭಂಗಿಯಲ್ಲಿ ಕೂರುತ್ತದೆ ಎಂಬುದು, ದೋಣಿ ಇರುವುದು ನೀರಿನ ಮೇಲೆ ಎಂಬಷ್ಟೇ ಸರಳವಾದ ವಿಷಯವಾದ್ದರಿಂದ, ನನ್ನ ಗಮನಕ್ಕೆ ಬಂದಿರಲಿಲ್ಲ.

ಈಗ ಯಂತ್ರವನ್ನು ಬಿಚ್ಚಿ ಅದರ ಹಿಂದೆ ಬೆಣೆಯಾಕಾರದ ತುಂಡೊಂದನ್ನು ಕೂರಿಸಬೇಕಿತ್ತು. ಬೋಲ್ಟುಗಳು ಬಂದವು, ಅಂಟು ತನ್ನ ಕೀರ್ತಿಗೆ ತಕ್ಕಂತೆಯೇ ನಡೆದುಕೊಂಡಿತು. ಬಿಸಿಗಾಳಿ ಊದಿ ಮೆತ್ತಗೆ ಮಾಡಿ, ಗಾಳದ ಹೆಣೆದ ದಾರವನ್ನು ಸಂದಿಗೆ ತೂರಿಸಿ, ಎರಡು ತುದಿಗಳನ್ನು ಒಂದೊಂದು ಕಡ್ಡಿಗೆ ಸುತ್ತಿ, ಮರ ಕೊಯ್ಯುವವರಂತೆ ಗಂಡ ಹೆಂಡತಿ ಆಚೆಯೊಬ್ಬರು ಈಚೆಯೊಬ್ಬರು ಎಳೆಯುತ್ತ ಒಂದು ಭಾನುವಾರವನ್ನು ಕಳೆದೆವು. ಆ ದಾರ ನನ್ನ ಕೈಯಲ್ಲಿ ಅದುವರೆಗೆ ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದೇ ಇರಬೇಕು. ಎರಡನೆಯ ಬಾರಿ ಬಿಚ್ಚಲು ಬರುವ ಅಂಟನ್ನೇ ಹಚ್ಚಿದೆ. ಸಂಜೆ ಕೋಲನ್ನು ಯಂತ್ರದಿಂದ ತೆಗೆಯಲು ಮರೆತು ದೋಣಿಯನ್ನು ಗ್ಯಾರೇಜಿನೊಳಕ್ಕೆ ಹಿಮ್ಮುಖವಾಗಿ ನೂಕಿದಾಗ, ಅದು ಬಾಗಿಲ ಚೌಕಟ್ಟಿಗೆ ಸಿಕ್ಕು ಬಿಲ್ಲಿನಂತೆ ಬಾಗಿ, ಬಿಡಿಸಿಕೊಂಡು, ಮೇಲಿನ ದೀಪವನ್ನು ಒಡೆದದ್ದನ್ನು ವಿಸ್ತರಿಸುವುದಿಲ್ಲ. ಪಕ್ಕದ ಮನೆಯವರು ಅದನ್ನು ಇನ್ನೂ ಚೆನ್ನಾಗಿ ವಿವರಿಸುತ್ತಾರೆ.

ಫೆಬ್ರುವರಿಯ ಒಂದು ಮುಂಜಾನೆ ಎಲ್ಲವೂ ಸರಿಯಾಯಿತು. ಫೋರ್ಟ್ ಡಿ ಸೋಟೊ ಬಳಿಯ ಹುಲ್ಲುಗಾವಲಿನ ಅಂಚಿನಲ್ಲಿ ಬಾಲವೊಂದು ಕಂಡಿತು, ಗುಂಡಿ ಒತ್ತಿದೆ, ಕೋಲು ನೆಟ್ಟಗೆ ಇಳಿದು ನೆಟ್ಟುಕೊಂಡಿತು. ಉತ್ತರದ ಗಾಳಿ ಜೋರಾಗಿ ಬೀಸುತ್ತಿದ್ದರೂ ದೋಣಿ ಅಲುಗಲಿಲ್ಲ. ಎರಡನೆಯ ಬೀಸಿಗೇ ಮೀನು ಕಚ್ಚಿತು. ಇಲ್ಲಿ 18ರಿಂದ 27 ಅಂಗುಲದೊಳಗಿನ ರೆಡ್‌ಫಿಶ್ ಮಾತ್ರ ಮನೆಗೆ ಒಯ್ಯತಕ್ಕದ್ದು. ನನ್ನದು 16 ಅಂಗುಲ. ಬಿಟ್ಟುಬಿಟ್ಟೆ. ಆದರೂ ಆ ಹೊತ್ತಿನ ಸುಖವೆಂದರೆ ಮೀನಲ್ಲ, ನಿಂತಿರುವುದು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಅದರ ಮೇಲಿನ ನೊರೆಯೂ ಅಲುಗುತ್ತಿಲ್ಲವೆಂದು ಹಿಗ್ಗುತ್ತ ಕೂತೆ. ತೇಲುವ ದೋಣಿಯಾದರೆ ನೊರೆ ಅಷ್ಟಾದರೂ ಅಲುಗಬೇಕಿತ್ತು ಎಂಬುದು ಎರಡನೆಯ ಲೋಟಕ್ಕೆ ಹೊಳೆಯಿತು.

ಬಗ್ಗಿ ನೋಡಿದರೆ ನೀರಿಲ್ಲ. ಇಳಿತದ ವೇಳೆಯನ್ನು ನಾನು ನೋಡಿಕೊಂಡಿದ್ದೆ. ಚಳಿಗಾಲದ ಉತ್ತರದ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ನೂಕಿ ಇಳಿತವನ್ನು ಇನ್ನಷ್ಟು ಇಳಿಸುತ್ತದೆ ಎಂಬುದನ್ನು ನೋಡಿಕೊಂಡಿರಲಿಲ್ಲ. ಹಗ್ಗದ ಲಂಗರಾಗಿದ್ದರೆ ಈ ಹೊತ್ತಿಗೆ ಎರಡು ಬಾರಿಯಾದರೂ ಜಾರಿ ನನ್ನನ್ನು ಆಳದ ಕಡೆಗೆ ಕೊಂಡೊಯ್ದಿರುತ್ತಿತ್ತು. ಎಂಜಿನ್ ಚಾಲೂ ಮಾಡಿ ಉಳುಮೆ ಮಾಡಿಕೊಂಡು ಹೊರಬರುವಂತಿಲ್ಲ. ಪ್ರೊಪೆಲರ್ ಗೀರಿದ ಹುಲ್ಲು ಮತ್ತೆ ಬೆಳೆಯಲು ವರ್ಷಗಳೇ ಬೇಕು, ಆ ಹಾನಿಗೆ ದಂಡವೂ ಉಂಟು. ಬೂದು ಬಣ್ಣದ ಕೊಕ್ಕರೆಯೊಂದು ನಾನು ಆಗಷ್ಟೇ ಗಾಳ ಬೀಸಿದ್ದ ಜಾಗದಲ್ಲಿ ನಡೆದುಕೊಂಡು ಹೋಯಿತು.

ಹೆಂಡತಿಯ ಕರೆ ಬಂತು. “ಊಟಕ್ಕೆ ಎಷ್ಟೊತ್ತಿಗೆ ಬರ್ತೀರಿ?”

“ನೀರು ಬಂದ ಮೇಲೆ.”

“ನೀರು ಬಂದ ಮೇಲೆ ಅಂದ್ರೆ? ಈಗ ನೀವು ಎಲ್ಲಿದ್ದೀರಿ?”

ಏನೂ ತೋಚದೆ ರಿಮೋಟಿನ ಗುಂಡಿ ಒತ್ತಿದೆ. ಕೋಲು ಗುರ್ ಎನ್ನುತ್ತ ವಿಧೇಯವಾಗಿ ಪೂರ್ತಿ ಮೇಲಕ್ಕೆ ಬಂತು. ದೋಣಿ ಮಿಸುಕಲಿಲ್ಲ.