ಪರೀಕ್ಷೆಯ ಸುದ್ದಿ ಅಟೆಂಡರ್‌ಗೆ ಕೊನೆಯಲ್ಲಿ ಏಕೆ ತಿಳಿಯಬೇಕು?

ಶಾಲೆಯೊಂದರ ಕಚೇರಿ, ಲೆಕ್ಕಪತ್ರ, ವಾಹನ, ಶುಚಿತ್ವ, ಕಾವಲು, ದುರಸ್ತಿ ಇವೆಲ್ಲವುಗಳ ಉಸ್ತುವಾರಿ ನನ್ನದು. ಈ ವಿಭಾಗಗಳ ನಡುವೆ ಹೊಂದಾಣಿಕೆ ಇಲ್ಲವೆಂದು ಯಾರಾದರೂ ದೂರಿದರೆ ಸಾಮಾನ್ಯವಾಗಿ ಸಿಗುವ ಪರಿಹಾರ ಒಂದು ತರಬೇತಿ ಶಿಬಿರ, ಇಲ್ಲವೇ ಇನ್ನೊಂದು ಸಭೆ. ನನಗೆ ಇವುಗಳಲ್ಲಿ ನಂಬಿಕೆಯಿಲ್ಲ. ಸುದ್ದಿ ತಡವಾಗಿ ತಲುಪುವ ಕಡೆ ಎಂಥ ಒಳ್ಳೆಯ ಮನಸ್ಸಿನವರೂ ಒಬ್ಬರ ಮೇಲೊಬ್ಬರು ಸಿಡುಕುತ್ತಾರೆ.

ಪರೀಕ್ಷೆಯನ್ನೇ ನೋಡಿ. ಶಿಕ್ಷಕರ ಕೊಠಡಿಯಲ್ಲಿ ದಿನಾಂಕ ನಿಗದಿಯಾಗುತ್ತದೆ, ಪಾಲಕರಿಗೆ ಸುತ್ತೋಲೆ ಹೋಗುತ್ತದೆ. ಬೆಂಚುಗಳನ್ನು ಎಳೆದು ಸಾಲು ಹಾಕಬೇಕಾದ ಅಟೆಂಡರ್‌ಗೆ ಹೇಳುವುದು ಮಾತ್ರ ಹಿಂದಿನ ಸಂಜೆ, ಅವರು ಚೀಲ ಹೆಗಲಿಗೇರಿಸಿ ಮನೆಗೆ ಹೊರಟಾಗ. ಶಾಲೆ ಅಂದು ಬೇಗ ಬಿಡುತ್ತದೆ ಎಂಬುದು ಬಸ್ ಚಾಲಕರಿಗೆ ಗೊತ್ತಾಗುವುದು ಮಕ್ಕಳು ಗೇಟಿನ ಬಳಿ ಸೇರಿದ ಮೇಲೆ. ಕೊನೆಗೆ ‘ಇವರಿಗೆ ಸಹಕಾರ ಮನೋಭಾವವೇ ಇಲ್ಲ’ ಎನ್ನಿಸಿಕೊಳ್ಳುವವರೂ ಇವರೇ. ಇದು ಅನ್ಯಾಯ, ಮತ್ತು ಇದನ್ನು ಸರಿಪಡಿಸಲು ಹಣ ಬೇಕಿಲ್ಲ.

ನಮ್ಮಲ್ಲಿ ಈಗ ಯಾವ ದಿನಾಂಕವೂ ಅಂತಿಮವಾಗುವ ಮೊದಲು ಅಟೆಂಡರ್, ಚಾಲಕರು ಮತ್ತು ಪ್ರಶ್ನೆಪತ್ರಿಕೆ ಮುದ್ರಿಸುವ ಗುಮಾಸ್ತರ ಮುಂದೆ ಬರುತ್ತದೆ. ‘ಅಂದು ಆಗುವುದಿಲ್ಲ’ ಎಂದು ಅವರು ಹೇಳಿದರೆ ಕಾರಣ ಕೇಳುತ್ತೇವೆ. ಬಸ್ಸೊಂದು ಅಂದು ರಿಪೇರಿಗೆ ಹೋಗಬೇಕಿರುತ್ತದೆ, ಅಥವಾ ಪರೀಕ್ಷೆಯ ಕೊಠಡಿಗೆ ಬಣ್ಣ ಬಳಿಯುವವರು ಬರುವವರಿರುತ್ತಾರೆ. ಆ ಮಾಹಿತಿ ಅವರ ಬಳಿ ಮೊದಲಿನಿಂದಲೂ ಇತ್ತು, ಕೇಳುವವರಿರಲಿಲ್ಲ ಅಷ್ಟೇ.

ಇನ್ನೊಂದು ತೊಡಕು, ಒಂದೇ ವಿವರವನ್ನು ಮೂರು ಕಡೆ ಬರೆದಿಡುವುದು. ಮನೆ ಬದಲಾಯಿಸಿದ ತಾಯಿ ತರಗತಿ ಶಿಕ್ಷಕಿಗೆ ಹೊಸ ವಿಳಾಸ ಕೊಡುತ್ತಾರೆ. ಅದು ಹಾಜರಿ ಪುಸ್ತಕದಲ್ಲೇ ಉಳಿದು, ಬಸ್ ಮಗುವನ್ನು ಹಳೆಯ ನಿಲ್ದಾಣದಲ್ಲಿ ಇಳಿಸಿ ಬರುತ್ತದೆ. ವಿಳಾಸ ತಿದ್ದುವ ಹೊಣೆ ಒಬ್ಬರದ್ದೇ ಆಗಿರಬೇಕು, ಉಳಿದವರೆಲ್ಲ ಅದೇ ಪಟ್ಟಿಯನ್ನು ನೋಡಬೇಕು. ‘ಎಲ್ಲರೂ ನೋಡಿಕೊಳ್ಳಿ’ ಎಂದು ಬಿಟ್ಟ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪರಿಶೀಲನಾ ಪಟ್ಟಿಯೊಂದನ್ನು ಹೊರತಂದಿತು. ಕತ್ತರಿ ಹಾಕುವ ಮೊದಲು ಕೊಠಡಿಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಂಡಿದ್ದಾರೆಯೇ ಎಂಬುದು ಅದರಲ್ಲೊಂದು. ಜೀವ ಉಳಿಸುವ ಕಡೆಯೇ ಇದು ಅಗತ್ಯವೆನಿಸಿದೆ. ನಮ್ಮ ಶಾಲೆಗಳಲ್ಲಿ ಕಾವಲುಗಾರರ ಹೆಸರು ಎಷ್ಟು ಶಿಕ್ಷಕರಿಗೆ ಗೊತ್ತು? ಹೆಸರೇ ಗೊತ್ತಿಲ್ಲದವರು ‘ಅಪರಿಚಿತರೊಬ್ಬರು ಗೇಟಿನ ಬಳಿ ಸುಳಿದಾಡುತ್ತಿದ್ದಾರೆ’ ಎಂದು ಯಾರ ಬಳಿ ಹೇಳಬೇಕು?

ಮುಖ್ಯಸ್ಥರಿಗೆ ಒಂದು ಮಾತು. ಶೌಚಾಲಯದ ನಲ್ಲಿ ಸೋರುತ್ತಿರುವುದನ್ನು ಮೊದಲು ಕಾಣುವವರು ಅದನ್ನು ತೊಳೆಯುವ ಅಮ್ಮ. ಅವರು ಹೇಳಿದ ದೂರು ಏನಾಯಿತು ಎಂಬುದನ್ನು ಅವರಿಗೇ ಹೋಗಿ ತಿಳಿಸಿ. ‘ಪ್ಲಂಬರ್ ಶನಿವಾರ ಬರುತ್ತಾರೆ’ ಎಂದರೂ ಸಾಕು. ಉತ್ತರವೇ ಬಾರದಿದ್ದರೆ ಮುಂದಿನ ಸಲ ಅವರು ಬಕೆಟ್ ಇಟ್ಟು ಸುಮ್ಮನಾಗುತ್ತಾರೆ, ನಿಮಗೆ ಸುದ್ದಿ ತಲುಪುವುದು ಕೆಳಗಿನ ಮಹಡಿಯ ಗೋಡೆ ನೆನೆದ ಮೇಲೆ.