ಹಿತ್ತಲಲ್ಲಿ ಪುಟ್ಟ ಮನೆ ಕಟ್ಟಲು ಬೀದಿಯವರ ಅಪ್ಪಣೆ ಯಾಕೆ ಬೇಕು?

ನಿನ್ನೆ ರಾತ್ರಿ ನಮ್ಮ ಬಡಾವಣೆಯ ಸಭೆಯಿಂದ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಬೀದಿಯಲ್ಲಿ ಒಬ್ಬರು ಹಿತ್ತಲಲ್ಲಿ ಎಡಿಯು (ಆಕ್ಸೆಸರಿ ಡ್ವೆಲಿಂಗ್ ಯೂನಿಟ್) ಕಟ್ಟಲು ಹೊರಟಿದ್ದಾರೆ. ಅಡುಗೆಮನೆ, ಬಚ್ಚಲು, ಬೇರೆ ಬಾಗಿಲು ಇರುವ ಪುಟ್ಟ ಮನೆ. ಊರಲ್ಲಿ ನಾವು ಔಟ್‌ಹೌಸ್ ಅನ್ನುತ್ತಿದ್ದೆವಲ್ಲ, ಹಾಗೆ. "ನಮ್ಮನ್ನು ಒಂದು ಮಾತೂ ಕೇಳಲಿಲ್ಲ" ಅಂತ ಸಭೆಯಲ್ಲಿ ಗಲಾಟೆ. ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ನಮ್ಮವರೇ, ಕನ್ನಡದವರೇ. ಬೆಂಗಳೂರಿನ ವಠಾರದಲ್ಲಿ ಬೆಳೆದವರು. ನನಗೆ ಜಾಸ್ತಿ ನೋವಾದದ್ದು ಅದಕ್ಕೆ.

ನಿಮ್ಮನ್ನು ಕೇಳಬೇಕಾಗಿಲ್ಲ ಸ್ವಾಮಿ. ಕ್ಯಾಲಿಫೋರ್ನಿಯಾದ ಕಾನೂನೇ ಹಾಗಿದೆ, ಬೇಕಂತಲೇ ಹಾಗೆ ಮಾಡಿದ್ದಾರೆ.

ಈ ರಾಜ್ಯದಲ್ಲಿ ಎಡಿಯು ಕಾನೂನು 1982ರಿಂದಲೂ ಇದೆ. ಆದರೆ ಷರತ್ತು ಹಾಕುವ ಅಧಿಕಾರ ಊರುಗಳ, ಅಂದರೆ ಆಯಾ ನಗರಾಡಳಿತಗಳ ಕೈಯಲ್ಲೇ ಉಳಿದಿತ್ತು. ಸೈಟು ದೊಡ್ಡದಿರಬೇಕು, ಇನ್ನೊಂದು ಕಾರಿಗೆ ಜಾಗ ಬೇಕು, ಇಷ್ಟು ಶುಲ್ಕ ಕಟ್ಟಬೇಕು, ಅಕ್ಕಪಕ್ಕದವರ ಅಹವಾಲು ಕೇಳಬೇಕು. ಇಷ್ಟೆಲ್ಲ ದಾಟಿ ಕಟ್ಟಿದವರು ಎಷ್ಟು ಮಂದಿ? 2016ರಲ್ಲಿ ಮತ್ತು 2019ರಲ್ಲಿ ರಾಜ್ಯವೇ ಕೈ ಹಾಕಿ ಈ ಗಂಟುಗಳನ್ನು ಒಂದೊಂದಾಗಿ ಬಿಚ್ಚಿತು. ಈಗ ನಿಯಮದ ಪ್ರಕಾರ ಅರ್ಜಿ ಕೊಟ್ಟರೆ ಊರು 60 ದಿನದಲ್ಲಿ ಉತ್ತರ ಕೊಡಬೇಕು. ಸಾರ್ವಜನಿಕ ವಿಚಾರಣೆ ಇಲ್ಲ. ಪಕ್ಕದ ಮತ್ತು ಹಿಂದಿನ ಗಡಿಯಿಂದ 4 ಅಡಿ ಬಿಟ್ಟು, 16 ಅಡಿ ಎತ್ತರದೊಳಗೆ, 800 ಚದರ ಅಡಿಯ ಮನೆ ಕಟ್ಟುತ್ತೇನೆ ಅಂದರೆ ಯಾವ ಊರೂ ತನ್ನ ಅಳತೆಯ ನಿಯಮ ತೋರಿಸಿ ತಡೆಯುವಂತಿಲ್ಲ. 750 ಚದರ ಅಡಿಗಿಂತ ಚಿಕ್ಕದಾದರೆ ಇಂಪ್ಯಾಕ್ಟ್ ಫೀ, ಅಂದರೆ ಹೊಸ ಮನೆಯಿಂದ ರಸ್ತೆ, ಪಾರ್ಕುಗಳ ಮೇಲೆ ಬೀಳುವ ಹೊರೆಗೆ ಊರು ಕೇಳುವ ಶುಲ್ಕ ಕೂಡ ಇಲ್ಲ. ಇದರಿಂದ ಆಗಿದ್ದೇನು? ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಪರ್ಮಿಟ್ ಸಿಗುವ ಹೊಸ ಮನೆಗಳಲ್ಲಿ ಸುಮಾರು ಐದಕ್ಕೊಂದು ಎಡಿಯು. ಜನಕ್ಕೆ ಮನೆ ಬೇಕಿತ್ತು, ದಾರಿ ಇರಲಿಲ್ಲ, ಅಷ್ಟೇ.

ಆದರೂ "ಬಡಾವಣೆಯ ಅಂದ ಕೆಡುತ್ತದೆ" ಅನ್ನುವ ಮಾತು ನಿಲ್ಲುವುದಿಲ್ಲ. 2023ರಲ್ಲಿ ಇದೇ ರಾಜ್ಯದ ಹಂಟಿಂಗ್ಟನ್ ಬೀಚ್ ಅನ್ನುವ ಊರು ಎಡಿಯು ಅರ್ಜಿಗಳನ್ನೇ ತಗೊಳ್ಳುವುದಿಲ್ಲ ಅಂತ ಹಟ ಹಿಡಿಯಿತು. ರಾಜ್ಯ ಸರ್ಕಾರವೇ ಕೋರ್ಟಿಗೆ ಹೋಗಬೇಕಾಯಿತು. ಯಾರ ಅಂದ, ಯಾರಿಗಾಗಿ? ಶಾಲೆಯ ಮೇಷ್ಟರು, ನರ್ಸು, ಬೀದಿ ಗುಡಿಸುವವರು ದಿನಾ ಎರಡು ಗಂಟೆ ದೂರದಿಂದ ಕಾರಲ್ಲಿ ಬಂದು ನಮ್ಮ ಊರನ್ನು ನಡೆಸಬೇಕು, ಸಂಜೆ ಆದಮೇಲೆ ಇಲ್ಲಿ ಇರಬಾರದು. ಆ ಮಾತಿಗೆ ನನಗೆ ಕೇಳಿಸುವ ಅರ್ಥ ಇದೊಂದೇ.

ಪಾರ್ಕಿಂಗ್ ಸಮಸ್ಯೆ ಆಗುತ್ತದೆ ಅಂದರು. ಸ್ವಲ್ಪ ಆಗಬಹುದು, ಇಲ್ಲ ಅನ್ನುವುದಿಲ್ಲ. ಬಸ್ಸು, ರೈಲು ಅರ್ಧ ಮೈಲಿ ನಡಿಗೆಯಲ್ಲಿದ್ದರೆ ಎಡಿಯುಗೆ ಬೇರೆ ಪಾರ್ಕಿಂಗ್ ಕೇಳುವಂತಿಲ್ಲ ಅಂತ ಕಾನೂನು ಹೇಳುತ್ತದೆ. ಆದರೆ ಅದೇ ಸಭೆಯಲ್ಲಿದ್ದ ಎಷ್ಟೋ ಜನರ ಗ್ಯಾರೇಜಿನಲ್ಲಿ ಕಾರಿಲ್ಲ, ಹಳೆ ಸಾಮಾನು ತುಂಬಿದೆ. ಕಾರು ನಿಲ್ಲುವುದು ಬೀದಿಯಲ್ಲೇ. ಕಾರಿಗೆ ಜಾಗ ಇಲ್ಲ ಅಂತ ಮನುಷ್ಯರಿಗೆ ಜಾಗ ಕೊಡದಿರುವುದು ನನಗೆ ಒಪ್ಪಿಗೆಯಾಗದ ಲೆಕ್ಕ.

"ಬಾಡಿಗೆಯವರು ಬರುತ್ತಾರೆ" ಅಂದರು. ಬರಲಿ! ವಾರಕ್ಕೊಬ್ಬರು ಬಂದುಹೋಗುವ ಭಯ ಇದ್ದರೆ, 30 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಡದಂತೆ ತಡೆಯುವ ಅವಕಾಶ ಊರಿಗೆ ಇದ್ದೇ ಇದೆ. ನಾವೆಲ್ಲ ಬಾಡಿಗೆಯವರಾಗಿಯೇ ಈ ದೇಶಕ್ಕೆ ಬಂದವರು, ಅಲ್ವಾ? ವಠಾರದಲ್ಲಿ ಒಂದೇ ನಲ್ಲಿಯ ನೀರು ಹಂಚಿಕೊಂಡವರು, ಓನರ್ ಮನೆಯ ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದಿದವರು, ಈಗ ಬಾಡಿಗೆಯವರು ಅಂದರೆ ಮುಖ ಸಿಂಡರಿಸುತ್ತಾರೆ. ಇದನ್ನು ನೋಡಿ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ಇಷ್ಟು ಕೋಪ ಬರಲು ನನ್ನದೇ ಕಾರಣವೂ ಒಂದಿದೆ. ಅಮ್ಮ ನಮ್ಮ ಜೊತೆಗಿರುವುದು ಹತ್ತಿರದವರಿಗೆ ಗೊತ್ತು. ಮಂಡಿ ನೋವು, ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿ. ರಾತ್ರಿ ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಾ ಮಲಗಿರುತ್ತೇನೆ. "ನಂಗೇನೂ ಕಷ್ಟ ಇಲ್ಲ ಕಣೋ" ಅನ್ನುತ್ತಾರೆ. ನೆಲಕ್ಕೆ ಸಮವಾಗಿ ಒಂದು ಪುಟ್ಟ ಮನೆ, ತನ್ನದೇ ಒಲೆ, ಬೇಕಾದಾಗ ಹಾಕಿಕೊಳ್ಳುವ ಬಾಗಿಲು ಅವರಿಗೆ ಬೇಕು. ಬಾಯಿ ಬಿಟ್ಟು ಕೇಳುವುದಿಲ್ಲ. ದುಡ್ಡು ಕೂಡಿಸುತ್ತಿದ್ದೇವೆ. ಕಟ್ಟಲು ಲಕ್ಷಗಟ್ಟಲೆ ಡಾಲರ್ ಬೇಕು, ಅದು ನಿಜವಾದ ಅಡ್ಡಿ. ಅದರ ಮೇಲೆ ಬೀದಿಯವರ ಅಪ್ಪಣೆಗೂ ಕಾಯಬೇಕಿದ್ದರೆ ಅಮ್ಮನ ಕಾಲದಲ್ಲಿ ಆಗುವ ಮಾತಾಗಿರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಈ ಯೋಚನೆ ಇದ್ದರೆ ನೆರೆಯವರ ಗದರಿಕೆಗೆ ಹೆದರಿ ಬಿಡಬೇಡಿ. ನಗರಾಡಳಿತದವರು ಮೊದಲೇ ಒಪ್ಪಿರುವ ನಕ್ಷೆಗಳು ಸಿಗುತ್ತವೆ, ಅದರಲ್ಲೊಂದು ಆರಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಎಚ್‌ಒಎ (ಮನೆ ಮಾಲೀಕರ ಸಂಘ) ಇರುವ ಬಡಾವಣೆಯಲ್ಲಿ ಸ್ವಂತ ಸೈಟಿನ ಮನೆ ಇದ್ದವರೂ ಕೇಳಿ: 2020ರಿಂದ ಅವರು ಎಡಿಯು ಬೇಡವೇ ಬೇಡ ಅನ್ನುವಂತಿಲ್ಲ. ಕಾಗದಪತ್ರದ ಬಗ್ಗೆ ನಾನು ತಿಳಿದುಕೊಂಡದ್ದನ್ನೆಲ್ಲ ಹಂಚಿಕೊಳ್ಳುತ್ತೇನೆ, ಮೆಸೇಜ್ ಮಾಡಿ.